ಬೂದಿ ಮುಚ್ಚಿದ ಕೆಂಡ

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿ ಬೆಂಕಿಕಡ್ಡಿಯನ್ನು ಬಹಳ ಮಿತವಾಗಿ ಗೀರುತ್ತಿದ್ದರು. ರಾತ್ರಿ ಅಡಿಗೆಯ ಕೆಲಸ ಮುಗಿದ ಮೇಲೆ ನಮ್ಮ ತಾಯಿ ಒಲೆಯಲ್ಲಿ ಉಳಿದ ಕೆಂಡಗಳನ್ನು ಒಟ್ಟುಗೂಡಿಸಿ ಬೂದಿಯಿಂದ ಮುಚ್ಚಿಡುವರು. ಬೆಳಗಿನ ಜಾವ ಎದ್ದು ಒಲೆಯ ಮುಂದೆ ಕುಳಿತಾಗ ಅವರು ಮೊದಲು ಮಾಡುತ್ತಿದ್ದ ಕೆಲಸ ಬೂದಿಯನ್ನು ಕೆದಕುವುದಲ್ಲ. ಅಂಗೈಯನ್ನು ಬೂದಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿಯುವುದು. ಕ್ಷಣಹೊತ್ತು ಹಿಡಿದು, "ಇದೆ" ಎಂದೋ "ಆರಿಹೋಗಿದೆ" ಎಂದೋ ಹೇಳುವರು. ಅವರ ಮಾತು ತಪ್ಪಾದದ್ದು ಅಪರೂಪ. ಕಡ್ಡಿಯಿಂದ ಕೆದಕಿದರೆ ಕೆಂಡ ಕಣ್ಣಿಗೇ ಕಾಣುತ್ತದೆ, ನಿಜ. ಆದರೆ ಮತ್ತೆ ಮತ್ತೆ ಕೆದಕುತ್ತಿದ್ದರೆ ಬೂದಿಯೂ ಚೆದರುತ್ತದೆ, ಕೆಂಡವೂ ಕೆಡುತ್ತದೆ.

ಇಂದು ನಾನು ಹೇಳಹೊರಟಿರುವುದು ಒಲೆಯ ವಿಷಯವಲ್ಲ; ನಮ್ಮೆಲ್ಲರ ಬಲಪಕ್ಕೆಲುಬುಗಳ ಮರೆಯಲ್ಲಿರುವ ಯಕೃತ್ತಿನ ವಿಷಯ. ಬಹುಕಾಲ ಕಾಯಿಲೆಯಿಂದ ನರಳುವ ಯಕೃತ್ತಿನಲ್ಲಿ ಕೆಂಡ ಇದೆಯೇ, ಆರಿದೆಯೇ ಎಂಬುದನ್ನು ಸೂಜಿಯಿಂದ ಕೆದಕದೆ ತಿಳಿಯುವುದು ಹೇಗೆ? ಇದು ಇಂದಿನ ವೈದ್ಯರನ್ನು ಕಾಡುತ್ತಿರುವ ಪ್ರಶ್ನೆ. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುವವನು. ಆದರೆ ಈ ಪ್ರಶ್ನೆ ನಮ್ಮ ಮನೆಯ ಬಾಗಿಲನ್ನು ಎರಡು ಸಲ ತಟ್ಟಿತು. ಮೊದಲನೆಯ ಸಲ ನಮಗೆ ಅದರ ಅರ್ಥವೇ ಆಗಲಿಲ್ಲ. ಎರಡನೆಯ ಸಲ ಕೇಳಿ, ಓದಿ, ಸ್ವಲ್ಪಮಟ್ಟಿಗೆ ತಿಳಿದುಕೊಂಡೆ. ಹಾಗೆ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಪದವನ್ನು ವಿಚಾರಿಸೋಣ. ಇಂಗ್ಲಿಷಿನ 'ಇನ್‌ಫ್ಲಮೇಷನ್' ಎಂಬುದಕ್ಕೆ ನಾವು 'ಉರಿಯೂತ' ಎನ್ನುತ್ತೇವೆ. ಉರಿ ಮತ್ತು ಊತ ಸೇರಿ, ನಡುವೆ ಯಕಾರ ಆಗಮವಾಗಿ ಉರಿಯೂತವಾಯಿತು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬ ಲೇಖಕ ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು. ಕಾಲಿಗೆ ಮುಳ್ಳು ಚುಚ್ಚಿ ಬಾವು ಬಂದರೆ ಈ ನಾಲ್ಕೂ ನಿಮಗೆ ಕಾಣುತ್ತವೆ. ಆದರೆ ಯಕೃತ್ತಿನೊಳಗೆ ಉರಿಯೂತವಾದರೆ ಕೆಂಪು ಕಾಣದು, ಬಿಸಿ ತಿಳಿಯದು. ನೋವು ಕೂಡ ಬಹುಮಟ್ಟಿಗೆ ಇರುವುದಿಲ್ಲ. ಏಕೆಂದರೆ ನೋವನ್ನು ತಿಳಿಸುವ ನರಗಳು ಯಕೃತ್ತಿನ ಮೇಲಿನ ತೆಳು ಹೊದಿಕೆಯಲ್ಲಿವೆಯೇ ಹೊರತು ಒಳಗಿನ ತಿರುಳಿನಲ್ಲಿ ಅಷ್ಟಾಗಿ ಇಲ್ಲ. ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ, ದೇಹದ ಒಳಗಿನ ಅಂಗಗಳಲ್ಲೆಲ್ಲ ದೊಡ್ಡದಾದ ಈ ಅಂಗ ಹತ್ತಾರು ವರ್ಷ ಒಳಗೊಳಗೇ ಬೆಂದರೂ ಬಾಯಿಬಿಡುವುದಿಲ್ಲ. ಅದು ಬಾಯಿಬಿಡುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ನಮ್ಮ ಅಣ್ಣನವರ ವಿಷಯದಲ್ಲಿ ಹೀಗೆಯೇ ಆಯಿತು. ಅವರು ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ದಿನವೆಲ್ಲ ಕುಳಿತು ಮಾಡುವ ಕೆಲಸ, ಮೈ ಸ್ಥೂಲ, ನಲವತ್ತನೆಯ ವಯಸ್ಸಿಗೇ ಸಕ್ಕರೆ ಕಾಯಿಲೆ. ಹೆಂಡ, ಸಾರಾಯಿಗಳನ್ನು ಜನ್ಮದಲ್ಲಿ ಮುಟ್ಟಿದವರಲ್ಲ. 2003ರಲ್ಲಿ ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ 'ಫ್ಯಾಟಿ ಲಿವರ್', ಎಂದರೆ ಯಕೃತ್ತಿನಲ್ಲಿ ಕೊಬ್ಬು ಸೇರಿದೆ ಎಂದು ಬಂತು. ವೈದ್ಯರು, ಒಳಗಿನ ಸ್ಥಿತಿ ತಿಳಿಯಬೇಕಾದರೆ ಸೂಜಿ ಹಾಕಿ ಒಂದು ಚೂರು ತೆಗೆದು ನೋಡಬೇಕು ಎಂದರು. ಅಣ್ಣ ಹೆದರಿದರು. "ನೋವೇ ಇಲ್ಲದ ಜಾಗಕ್ಕೆ ಸೂಜಿ ಏಕೆ?" ಎಂದು ಮನೆಗೆ ಬಂದುಬಿಟ್ಟರು. ನಾವೂ ಅದೇ ಸರಿ ಎಂದೆವು. 2009ರಲ್ಲಿ ಅವರ ಕಾಲು ಊದಿತು. ಹೊಟ್ಟೆಯಲ್ಲಿ ನೀರು ತುಂಬಿತು. ಕಣ್ಣಿಗೆ ಕಾಮಾಲೆಯ ಹಳದಿ ಹತ್ತಿತು. ಎರಡು ವರ್ಷದಲ್ಲಿ ಅವರು ನಮ್ಮನ್ನು ಬಿಟ್ಟುಹೋದರು. ವೈಕುಂಠ ಸಮಾರಾಧನೆಗೆ ಬಂದವರಲ್ಲಿ ಒಬ್ಬಿಬ್ಬರು ಅತ್ತಿಗೆಯನ್ನು ಪಕ್ಕಕ್ಕೆ ಕರೆದು, "ಹೊರಗೆಲ್ಲಾದರೂ ಕುಡಿಯುತ್ತಿದ್ದರೇನಮ್ಮ?" ಎಂದು ಕೇಳಿದರು. ಅಣ್ಣನ ಸಾವಿನಷ್ಟೇ ಆ ಪ್ರಶ್ನೆಯೂ ಅತ್ತಿಗೆಗೆ ನೋವು ಕೊಟ್ಟಿತು.

ಯಕೃತ್ತು ಕೆಡುವುದಕ್ಕೆ ಕುಡಿತವೊಂದೇ ಕಾರಣವಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಎಂಬ ವೈರಸ್ಸುಗಳು ಒಂದು ಕಾರಣ. ಮಿತಿಮೀರಿದ ಮೈಕೊಬ್ಬು, ಸಕ್ಕರೆ ಕಾಯಿಲೆಗಳಿಂದ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುವುದು ಇನ್ನೊಂದು. ದೇಹದ ರಕ್ಷಣಾವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ತಿರುಗಿಬೀಳುವುದೂ ಉಂಟು. ಕಾರಣ ಯಾವುದೇ ಇರಲಿ, ಮುಂದಿನ ಹಾದಿ ಬಹುಮಟ್ಟಿಗೆ ಒಂದೇ. ಕೋಶಗಳು ಊದಿಕೊಂಡು ಸಾಯತೊಡಗುತ್ತವೆ. ಅಲ್ಲಿಗೆ ರಕ್ಷಣಾಕೋಶಗಳು ಧಾವಿಸುತ್ತವೆ. ಇದೇ ಉರಿಯೂತ, ಇದೇ ಕೆಂಡ. ಈ ಉರಿ ವರ್ಷಗಟ್ಟಲೆ ಆರದಿದ್ದರೆ, ಗಾಯ ಮಾಗುವಾಗ ಚರ್ಮದ ಮೇಲೆ ಕಲೆ ಉಳಿಯುವಂತೆ, ಒಳಗೆ ನಾರು ಬೆಳೆಯುತ್ತದೆ. ನಾರು ಹೆಚ್ಚಿ ಹೆಚ್ಚಿ ಮೃದುವಾದ ಅಂಗ ಗಂಟುಗಂಟಾಗಿ ಬಿರುಸಾಗುತ್ತದೆ. ಇದನ್ನು ಸಿರೋಸಿಸ್ ಎನ್ನುತ್ತಾರೆ. 1819ರಲ್ಲಿ ಈ ಹೆಸರನ್ನು ಕೊಟ್ಟವನು ಸ್ಟೆತಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್. ಗ್ರೀಕಿನಲ್ಲಿ 'ಕಿರ್ರೋಸ್' ಎಂದರೆ ಕಂದುಹಳದಿ. ಸತ್ತವರ ದೇಹದಲ್ಲಿ ಅವನು ಕಂಡ ಯಕೃತ್ತಿನ ಬಣ್ಣ ಅದು. ಹೆಸರು ಸತ್ತ ಮೇಲೆ ಕಂಡ ಬಣ್ಣದಿಂದ ಬಂತು. ಬದುಕಿರುವಾಗ ಒಳಗನ್ನು ನೋಡುವ ಉಪಾಯ ಆಗ ಇರಲಿಲ್ಲ.

ಸೂಜಿಯ ಪರೀಕ್ಷೆ ಆ ಉಪಾಯಗಳಲ್ಲಿ ಮುಖ್ಯವಾದದ್ದು. ಇಟಲಿಯ ಮೆಂಗಿನಿ ಎಂಬ ವೈದ್ಯ 1958ರಲ್ಲಿ ಒಂದೇ ಸೆಕೆಂಡಿನಲ್ಲಿ ಯಕೃತ್ತಿನ ಚೂರನ್ನು ಹೊರತೆಗೆಯುವ ಸೂಜಿಯ ವಿಧಾನವನ್ನು ಪ್ರಕಟಿಸಿದ ಮೇಲೆ ಅದು ಎಲ್ಲ ಕಡೆ ಬಳಕೆಗೆ ಬಂತು. ಪಕ್ಕೆಲುಬುಗಳ ಸಂದಿನಲ್ಲಿ ಸೂಜಿಯನ್ನು ತೂರಿಸಿ ನೂಲಿನಂಥ ಒಂದು ಎಳೆಯನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಉರಿಯೂತ ಎಷ್ಟು, ನಾರು ಎಷ್ಟು ಎಂಬುದಕ್ಕೆ ಬೇರೆ ಬೇರೆಯಾಗಿ ಅಂಕ ಕೊಡುತ್ತಾರೆ. ಕೆಂಡವನ್ನೇ ಕಣ್ಣಾರೆ ಕಾಣುವ ಪರೀಕ್ಷೆ ಇದು. ಇಂದಿಗೂ ಇದರ ಜಾಗವನ್ನು ಬೇರೊಂದು ಪರೀಕ್ಷೆ ಪೂರ್ತಿಯಾಗಿ ತುಂಬಿಲ್ಲ. ಆದರೆ ಇದಕ್ಕೂ ಮಿತಿಗಳಿವೆ. ನೋವುಂಟು, ಅಪರೂಪವಾಗಿ ಒಳಗೆ ರಕ್ತ ಸುರಿಯುವ ಅಪಾಯವೂ ಉಂಟು, ಕೆಲವು ಗಂಟೆ ಆಸ್ಪತ್ರೆಯಲ್ಲಿ ಮಲಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಾಗೆ ತೆಗೆದ ಚೂರು ಇಡೀ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಪಾಲು. ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡುವುದು ಸರಿಯೇ. ಅದು ಎಲ್ಲ ಅಗುಳೂ ಒಂದೇ ನೀರಿನಲ್ಲಿ ಬೇಯುವುದರಿಂದ. ಯಕೃತ್ತಿನಲ್ಲಿ ಹಾಗಲ್ಲ. ಒಂದು ಕಡೆ ಉರಿ ಹೆಚ್ಚು, ಇನ್ನೊಂದು ಕಡೆ ಕಡಮೆ ಇರಬಹುದು. ಮೇಲಾಗಿ ಔಷಧಿ ಹಿಡಿಯಿತೇ ಇಲ್ಲವೇ ಎಂದು ತಿಳಿಯಲು ಆರಾರು ತಿಂಗಳಿಗೆ ಸೂಜಿ ಚುಚ್ಚಿಸಿಕೊಳ್ಳಿ ಎಂದರೆ ಯಾರು ಒಪ್ಪುತ್ತಾರೆ?

ಆದ್ದರಿಂದ ಹೊರಗಿನಿಂದಲೇ ನೋಡುವ ದಾರಿಗಳನ್ನು ಹುಡುಕಬೇಕಾಯಿತು. ನಮಗೆಲ್ಲ ಪರಿಚಿತವಾದದ್ದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಕಿವಿಗೆ ಕೇಳಿಸದಷ್ಟು ಮೊನಚಾದ ಧ್ವನಿಯನ್ನು ಒಳಕ್ಕೆ ಕಳಿಸಿ, ಅದರ ಮಾರ್ದನಿಯಿಂದ ಚಿತ್ರ ಬಿಡಿಸುವುದು ಇದರ ಕ್ರಮ. ಕೊಬ್ಬು ತುಂಬಿದ ಯಕೃತ್ತು ಪಕ್ಕದ ಮೂತ್ರಪಿಂಡಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ಸಿರೋಸಿಸ್ ಬಲಿತಿದ್ದರೆ ಅಂಚು ಉಬ್ಬುತಗ್ಗಾಗಿ ಕಾಣುತ್ತದೆ. ಆದರೆ ಇವೆರಡರ ನಡುವಣ ಉರಿಯೂತ ಆ ಚಿತ್ರದಲ್ಲಿ ಕಾಣುವುದಿಲ್ಲ. ಕೊಬ್ಬಿರುವ ಎಲ್ಲ ಯಕೃತ್ತುಗಳಲ್ಲೂ ಉರಿ ಇರುವುದಿಲ್ಲ. ಬಹಳ ಮಂದಿಗೆ ಕೊಬ್ಬು ಇದ್ದು ಅಷ್ಟಕ್ಕೇ ನಿಲ್ಲುತ್ತದೆ. ಯಾರಲ್ಲಿ ಉರಿ ಹತ್ತಿದೆ ಎಂಬುದೇ ತಿಳಿಯಬೇಕಾದ ಮಾತು. ಅಣ್ಣನ ವರದಿಯಲ್ಲಿ 'ಕೊಬ್ಬು' ಎಂಬ ಮಾತಿತ್ತು. 'ಉರಿ' ಎಂಬ ಮಾತಿರಲಿಲ್ಲ. ಇಲ್ಲ ಎಂದು ಅದರ ಅರ್ಥವಲ್ಲ. ಆ ಯಂತ್ರಕ್ಕೆ ಅದು ಕಾಣುವುದಿಲ್ಲ ಎಂದಷ್ಟೇ ಅರ್ಥ. ಈ ವ್ಯತ್ಯಾಸ ನಮಗೆ ಆಗ ತಿಳಿದಿರಲಿಲ್ಲ.

ಮುಂದಿನ ದಾರಿ ಒಂದು ಹಳೆಯ ವಿದ್ಯೆಯಿಂದಲೇ ಬಂತು ಎನ್ನಬಹುದು. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿ ಬೆರಳ ಗಿಣ್ಣಿನಿಂದ ತಟ್ಟಿ ನೋಡುತ್ತಾಳೆ. ಹಲಸಿನ ಹಣ್ಣನ್ನು ತಟ್ಟಿ ನೋಡುತ್ತೇವೆ. ಆಸ್ಟ್ರಿಯದ ಔವೆನ್‌ಬ್ರುಗ್ಗರ್ ಎಂಬ ವೈದ್ಯ ರೋಗಿಯ ಎದೆಯನ್ನು ತಟ್ಟಿ ಒಳಗಿನ ಸ್ಥಿತಿಯನ್ನು ತಿಳಿಯುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದ. ಅವನ ತಂದೆ ಛತ್ರ ನಡೆಸುತ್ತಿದ್ದನಂತೆ. ದ್ರಾಕ್ಷಾರಸದ ಪೀಪಾಯಿಗಳನ್ನು ತಟ್ಟಿ ಎಷ್ಟು ತುಂಬಿದೆ ಎಂದು ತಿಳಿಯುವುದನ್ನು ಹುಡುಗ ನೋಡಿದ್ದನಂತೆ. ಇಂದಿನ ವೈದ್ಯರೂ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ತಟ್ಟುವುದನ್ನು ನೀವು ಕಂಡಿದ್ದೀರಿ.

ಈ ತಟ್ಟುವ ವಿದ್ಯೆಯನ್ನೇ ಯಂತ್ರಕ್ಕೆ ಕಲಿಸಿದಂತಿರುವುದು 'ಫೈಬ್ರೋಸ್ಕ್ಯಾನ್'. ಫ್ರಾನ್ಸಿನಲ್ಲಿ ರೂಪುಗೊಂಡ ಈ ಯಂತ್ರದ ಮೊದಲ ಫಲಿತಾಂಶಗಳು 2003ರಲ್ಲಿ ಪ್ರಕಟವಾದವು. ನಿಮ್ಮನ್ನು ಅಂಗಾತ ಮಲಗಿಸಿ, ಬಲಗೈಯನ್ನು ತಲೆಯ ಹಿಂದಕ್ಕೆ ಇಡಿಸುತ್ತಾರೆ. ಪಕ್ಕೆಲುಬುಗಳ ನಡುವೆ ಒಂದು ಕೊಳವೆಯಂಥ ಸಾಧನವನ್ನು ಒತ್ತಿ ಹಿಡಿಯುತ್ತಾರೆ. ಅದರ ತುದಿ ಚರ್ಮವನ್ನು ಮೆಲ್ಲಗೆ ಒಮ್ಮೆ ತಟ್ಟುತ್ತದೆ. ಆ ತಟ್ಟಿಗೆ ಯಕೃತ್ತಿನೊಳಗೆ ಒಂದು ಅಲೆ ಏಳುತ್ತದೆ. ಅಲ್ಟ್ರಾಸೌಂಡ್ ಧ್ವನಿ ಆ ಅಲೆಯ ಬೆನ್ನುಹತ್ತಿ ಅದರ ವೇಗವನ್ನು ಅಳೆಯುತ್ತದೆ. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ತಟ್ಟಿ ನೋಡಿ. ಹಗ್ಗ ಸಡಿಲವಾಗಿದ್ದರೆ ಅಲೆ ನಿಧಾನವಾಗಿ ಸಾಗುತ್ತದೆ. ಬಿಗಿಯಾಗಿದ್ದರೆ ಸರ್ರನೆ ಓಡುತ್ತದೆ. ಇಲ್ಲಿಯೂ ಹಾಗೆಯೇ. ಮೃದುವಾದ ಯಕೃತ್ತಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 1.3 ಮೀಟರ್ ಸಾಗಿದರೆ, ಬಿರುಸಾದದ್ದರಲ್ಲಿ 2 ಮೀಟರ್ ಸಾಗೀತು. ಈ ವೇಗವನ್ನು ಬಿರುಸಿನ ಅಳತೆಗೆ ತಿರುಗಿಸಿ ಕಿಲೋಪ್ಯಾಸ್ಕಲ್ ಎಂಬ ಮಾನದಲ್ಲಿ ಹೇಳುತ್ತಾರೆ. ಮೊದಲನೆಯದು ಸುಮಾರು 5, ಎರಡನೆಯದು ಸುಮಾರು 12. ಹತ್ತು ಸಲ ಅಳೆದು ನಡುವಿನ ಅಂಕಿಯನ್ನು ಹಿಡಿಯುತ್ತಾರೆ. ಸೂಜಿಯ ಚೂರಿಗಿಂತ ನೂರು ಪಾಲಾದರೂ ಹೆಚ್ಚು ಭಾಗ ಈ ಅಳತೆಗೆ ಸಿಕ್ಕುತ್ತದೆ. ಹತ್ತು ನಿಮಿಷದ ಕೆಲಸ, ರಕ್ತವಿಲ್ಲ, ನೋವಿಲ್ಲ. ಕೊಬ್ಬಿನಿಂದ ಬಂದ ಕಾಯಿಲೆಯಲ್ಲಿ ಅಂಕಿ 8ಕ್ಕಿಂತ ಕಡಮೆ ಇದ್ದರೆ ನಾರು ಬಲಿತಿರುವ ಸಂಭವ ಕಡಮೆ. 12ನ್ನು ದಾಟಿದರೆ ಸಂಶಯ ಬಲವಾಗುತ್ತದೆ. ನಡುವೆ ಇದ್ದರೆ ಇನ್ನಷ್ಟು ಪರೀಕ್ಷೆ ಬೇಕು.

ಇಲ್ಲಿಯೇ ಎಚ್ಚರದಿಂದ ತಿಳಿಯಬೇಕಾದ ಅಂಶವಿದೆ. ಈ ಯಂತ್ರ ಅಳೆಯುವುದು ಬಿರುಸನ್ನು. ಬಿರುಸಿಗೆ ನಾರೊಂದೇ ಕಾರಣವಲ್ಲ. ಉರಿಯೂತದಿಂದ ಊದಿಕೊಂಡ ಯಕೃತ್ತೂ ಬಿರುಸೇ. ಹಠಾತ್ತನೆ ಕಾಮಾಲೆ ಬಂದವರನ್ನು ಅಳೆದಾಗ, ನಾರು ಇಲ್ಲದಿದ್ದರೂ, ಅಂಕಿ ಸಿರೋಸಿಸ್ ಮಟ್ಟಕ್ಕೆ ಏರಿ, ಕಾಮಾಲೆ ಇಳಿದಂತೆ ತಾನೂ ಇಳಿದದ್ದನ್ನು ಸಂಶೋಧಕರು 2008ರ ಸುಮಾರಿಗೆ ತೋರಿಸಿಕೊಟ್ಟರು. ಪಿತ್ತನಾಳ ಕಟ್ಟಿಕೊಂಡಿದ್ದರೆ, ಹೃದಯದ ಕಾಯಿಲೆಯಿಂದ ರಕ್ತ ಹಿಂದೆ ನಿಂತಿದ್ದರೆ, ಅಷ್ಟೇಕೆ, ಹೊಟ್ಟೆತುಂಬ ಊಟ ಮಾಡಿದ್ದರೂ ಅಂಕಿ ಏರುತ್ತದೆ. ಹಾಗಾದರೆ ಆ ಒಂದು ಅಂಕಿಯಲ್ಲಿ ಕೆಂಡದ ಪಾಲೆಷ್ಟು, ನಾರಿನ ಪಾಲೆಷ್ಟು? ಅಂಕಿಯೊಂದೇ ಅದನ್ನು ಹೇಳಲಾರದು.

ಈ ಪಾಠವನ್ನು ನಾನು ಕಲಿತದ್ದು ಸ್ವಂತ ದೇಹದಿಂದ. 2023ರ ಬೇಸಗೆ ರಜೆಯಲ್ಲಿ ನಮ್ಮ ಊರಿನಲ್ಲಿ ಒಂದು ಆರೋಗ್ಯ ಶಿಬಿರ ನಡೆಯಿತು. ಫೈಬ್ರೋಸ್ಕ್ಯಾನ್ ಯಂತ್ರವನ್ನೂ ತಂದಿದ್ದರು. ಅಣ್ಣನ ನೆನಪು ಇದ್ದುದರಿಂದ ನಾನೂ ಸಾಲಿನಲ್ಲಿ ನಿಂತೆ. ಸಾಲು ಉದ್ದವಾಗಿತ್ತು. ಶಿಬಿರದವರು ಕೊಟ್ಟ ಉಪ್ಪಿಟ್ಟು, ಕಾಫಿಗಳನ್ನು ಸಂತೋಷದಿಂದ ಮುಗಿಸಿ ಮಂಚ ಹತ್ತಿದೆ. ತಿಂದೆಯಾ ಎಂದು ಯಾರೂ ಕೇಳಲಿಲ್ಲ. ಅಂಕಿ 10.8 ಎಂದು ಬಂತು. "ಬೇಗ ದೊಡ್ಡ ಆಸ್ಪತ್ರೆಗೆ ತೋರಿಸಿ" ಎಂದು ಚೀಟಿ ಕೊಟ್ಟರು. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ನನ್ನ ಹೆಂಡತಿ ಏನನ್ನೂ ಹೇಳಲಿಲ್ಲ. ಅಣ್ಣನ ಫೋಟೋದ ಕಡೆ ನೋಡಿದಳು, ಅಷ್ಟೆ.

ಮೂರು ವಾರದ ಮೇಲೆ ಜಿಲ್ಲಾ ಕೇಂದ್ರದಲ್ಲಿ ಒಬ್ಬ ತಜ್ಞರನ್ನು ಕಂಡೆವು. ಚೀಟಿಯನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಮೇಷ್ಟ್ರೆ, ಅವತ್ತು ಏನಾದರೂ ತಿಂದಿದ್ದಿರಾ?" ನಾನು ಉಪ್ಪಿಟ್ಟಿನ ವಿಷಯ ಹೇಳಿದೆ. ಅವರು ನಕ್ಕು, ಮರುದಿನ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬರಲು ಹೇಳಿದರು. ಆಗ ಬಂದ ಅಂಕಿ 8.4. ಕಡಮೆಯಾಯಿತೆಂದು ನಾನು ಹಿಗ್ಗಿದೆ. ಅವರು, "ಹಿಗ್ಗಬೇಡಿ, ಹೆದರಲೂ ಬೇಡಿ. ಇದು ನಡುವಣ ಅಂಕಿ. ಇದರಲ್ಲಿ ಉರಿ ಎಷ್ಟಿದೆ ಎಂದು ನೋಡಬೇಕು" ಎಂದು ರಕ್ತ ಪರೀಕ್ಷೆ ಬರೆದುಕೊಟ್ಟರು.

ಈ ರಕ್ತ ಪರೀಕ್ಷೆಯ ಲೆಕ್ಕ ಸ್ವಾರಸ್ಯವಾಗಿದೆ. ಯಕೃತ್ತಿನ ಕೋಶಗಳು ಒಡೆದಾಗ ಎಎಸ್‌ಟಿ, ಎಎಲ್‌ಟಿ ಎಂಬ ಎರಡು ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಇವೆರಡನ್ನೂ, ವಯಸ್ಸನ್ನೂ, ರಕ್ತದ ಪ್ಲೇಟ್‌ಲೆಟ್ ಎಣಿಕೆಯನ್ನೂ ಸೇರಿಸಿ 2006ರಲ್ಲಿ 'ಫಿಬ್-4' ಎಂಬ ಸೂತ್ರವನ್ನು ಮಾಡಿದರು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ನನ್ನ ವಯಸ್ಸು ಆಗ 54, ಎಎಸ್‌ಟಿ 48, ಎಎಲ್‌ಟಿ 64, ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿ 210. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಉಪಾಧ್ಯಾಯರ ಕೊಠಡಿಯಲ್ಲಿ ಸೀಮೆಸುಣ್ಣ ಹಿಡಿದು ಲೆಕ್ಕ ಮಾಡಿದರು. ಮೇಲೆ 2592, ಕೆಳಗೆ 1680, ಉತ್ತರ 1.54. ಈ ಉತ್ತರ 1.3ಕ್ಕಿಂತ ಕಡಮೆ ಇದ್ದರೆ ಬಲಿತ ನಾರಿನ ಭಯ ಕಡಮೆ, 2.67ನ್ನು ಮೀರಿದರೆ ಭಯ ಹೆಚ್ಚು. ನಾನು ಇಲ್ಲಿಯೂ ನಡುವೆಯೇ ಇದ್ದೆ. ಇದು ಮುಖ್ಯವಾಗಿ ನಾರಿನ ಲೆಕ್ಕ. ಉರಿಯನ್ನೂ ಸೇರಿಸಿ ಊಹಿಸುವುದಕ್ಕಾಗಿ ಫೈಬ್ರೋಸ್ಕ್ಯಾನಿನ ಬಿರುಸು ಮತ್ತು ಕೊಬ್ಬಿನ ಅಂಕಿಗಳ ಜೊತೆಗೆ ಎಎಸ್‌ಟಿಯನ್ನು ಕೂಡಿಸಿದ 'ಫಾಸ್ಟ್' ಎಂಬ ಇನ್ನೊಂದು ಲೆಕ್ಕವನ್ನು 2020ರಲ್ಲಿ ಪ್ರಕಟಿಸಿದರು. ಆದರೆ ಕಿಣ್ವಗಳು ಸರಿಯಾಗಿದ್ದೂ ಒಳಗೆ ಉರಿ ಇರುವುದುಂಟು; ಆದ್ದರಿಂದ ರಕ್ತವೊಂದನ್ನೇ ನಂಬಿ ಕೂರುವಂತಿಲ್ಲ.

ಇನ್ನು ಎಂಆರ್‌ಐ ಯಂತ್ರದ ಮಾತು. ದೊಡ್ಡ ಅಯಸ್ಕಾಂತದ ಗವಿಯಲ್ಲಿ ದೇಹವನ್ನಿಟ್ಟು, ನಮ್ಮ ಮೈಯ ನೀರಿನಲ್ಲಿರುವ ಜಲಜನಕದ ಕಣಗಳಿಂದ ಸಂಕೇತ ಪಡೆದು ಚಿತ್ರ ಮಾಡುವ ಯಂತ್ರ ಇದು. ಎಕ್ಸ್‌ರೇಯಂಥ ಕಿರಣ ಇಲ್ಲಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ರಿಚರ್ಡ್ ಎಮನ್ ಮತ್ತು ಅವರ ಸಂಗಡಿಗರು 1995ರಲ್ಲಿ ಈ ಯಂತ್ರದಿಂದಲೂ ಅಲೆಗಳನ್ನು ಕಾಣಬಹುದೆಂದು ತೋರಿಸಿದರು. ಪಕ್ಕೆಯ ಮೇಲೆ ತಟ್ಟೆಯಂಥ ಒಂದು ಸಾಧನವನ್ನು ಕಟ್ಟಿ, ಸೆಕೆಂಡಿಗೆ 60 ಸಲ ಅದುರಿಸಿ, ಆ ಅಲೆ ಯಕೃತ್ತಿನಲ್ಲಿ ಹರಡುವ ಚಿತ್ರವನ್ನು ತೆಗೆಯುತ್ತಾರೆ. ಒಂದು ಸಂದಿನಲ್ಲಿ ಇಣುಕುವ ಬದಲು ಯಕೃತ್ತಿನ ವಿಶಾಲವಾದ ಭಾಗವೇ ಬಣ್ಣದ ಭೂಪಟದಂತೆ ಕಾಣುತ್ತದೆ. ಸ್ಥೂಲ ದೇಹದವರಲ್ಲೂ ಇದು ಚೆನ್ನಾಗಿ ನಡೆಯುತ್ತದೆ. ಒಂದು ಎಚ್ಚರಿಕೆ: ಇದರ ಅಂಕಿಯೂ ಕಿಲೋಪ್ಯಾಸ್ಕಲ್ಲಿನಲ್ಲೇ ಬರುತ್ತದೆ, ಆದರೆ ಅಳತೆಯ ಕ್ರಮ ಬೇರೆ. ಇಲ್ಲಿ ಆರೋಗ್ಯವಂತರ ಅಂಕಿ 2.5ರ ಕೆಳಗಿರುತ್ತದೆ. ಎರಡು ಯಂತ್ರಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು; ಸೇರಿನ ಲೆಕ್ಕವನ್ನು ಕಿಲೋಗ್ರಾಮಿನಲ್ಲಿ ಓದಿದಂತಾಗುತ್ತದೆ.

ಆದರೆ ಇದೂ ಬಿರುಸನ್ನೇ ಅಳೆಯಿತು, ಉರಿಯನ್ನಲ್ಲ. ಉರಿಯ ಕಡೆಗೆ ಇನ್ನಷ್ಟು ಹತ್ತಿರ ಹೋದವರು ಇಂಗ್ಲೆಂಡಿನ ಆಕ್ಸ್‌ಫರ್ಡಿನ ಸಂಶೋಧಕರು. ಊತ ಎಂದರೆ ಏನು? ಆ ಜಾಗಕ್ಕೆ ನೀರು ಬಂದು ಸೇರುವುದು. ಅಯಸ್ಕಾಂತದಲ್ಲಿ ಒಮ್ಮೆ ಕದಲಿಸಿದ ಕಣಗಳು ಮತ್ತೆ ಸ್ವಸ್ಥಾನಕ್ಕೆ ಬರಲು ಇಷ್ಟು ಹೊತ್ತು ಎಂದು ಬೇಕಾಗುತ್ತದೆ. ಅದನ್ನು ಟಿ-1 ಎನ್ನುತ್ತಾರೆ. ನೀರು ಹೆಚ್ಚಿದಷ್ಟೂ ಈ ಅವಧಿ ಹೆಚ್ಚುತ್ತದೆ. ಆದರೆ ಯಕೃತ್ತಿನಲ್ಲಿ ಕಬ್ಬಿಣದ ಅಂಶ ಶೇಖರವಾಗಿದ್ದರೆ ಅವಧಿ ತಗ್ಗಿ ನಮ್ಮನ್ನು ಮೋಸಗೊಳಿಸುತ್ತದೆ. ಆಕ್ಸ್‌ಫರ್ಡಿನವರು ಕಬ್ಬಿಣವನ್ನು ಬೇರೆಯಾಗಿ ಅಳೆದು, ಆ ದೋಷವನ್ನು ಕಳೆದು, ತಿದ್ದಿದ ಟಿ-1 ಎಂಬ ಅಂಕಿಯನ್ನು ಪಡೆದರು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸೂಜಿಯ ಪರೀಕ್ಷೆಗೂ ಈ ಅಂಕಿಗೂ ಒಳ್ಳೆಯ ಹೊಂದಾಣಿಕೆ ಕಂಡಿತು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 800 ಮಿಲಿಸೆಕೆಂಡಿನ ಒಳಗೆ ಇರುತ್ತದೆ. ಉರಿಯೂತ ಹೆಚ್ಚಿದಂತೆ ಏರುತ್ತದೆ. ನಮ್ಮ ತಾಯಿ ಬೂದಿಯ ಮೇಲೆ ಅಂಗೈ ಹಿಡಿದದ್ದಕ್ಕೆ ಇದು ಬಹಳ ಸಮೀಪವಾದದ್ದು. ಆದರೂ ಇಲ್ಲಿಯೂ ಪೂರ್ತಿ ಬಿಡುಗಡೆ ಇಲ್ಲ. ನಾರು ಬೆಳೆದರೂ ಈ ಅಂಕಿ ಸ್ವಲ್ಪ ಏರುತ್ತದೆ.

ಕೆಂಡವನ್ನೂ ನಾರನ್ನೂ ಬೇರೆ ಬೇರೆಯಾಗಿ ಹೇಳಬೇಕೆಂಬ ಪ್ರಯತ್ನ ಇನ್ನೂ ನಡೆದಿದೆ. ನಾರಿನಿಂದ ಅಂಗ ಬಿರುಸಾದರೆ, ಉರಿಯೂತದಿಂದ ಅದರ ಅಂಟುತನವೂ ಬದಲಾಗುತ್ತದೆ ಎಂಬುದು ಒಂದು ವಿಚಾರ. ಬೆಲ್ಲದ ಪಾಕದ ಹದವನ್ನು ಬೆರಳಿನಲ್ಲಿ ಎಳೆದು ನೋಡುವಂತೆ ಅಂಟನ್ನು ಅಳೆಯಬೇಕು. ಅಂಟಿರುವ ವಸ್ತುವಿನಲ್ಲಿ ನಿಧಾನವಾಗಿ ಅದುರುವ ಅಲೆಗೂ ಬೇಗ ಬೇಗ ಅದುರುವ ಅಲೆಗೂ ವೇಗ ಬೇರೆ ಬೇರೆ. ಆ ಅಂತರವನ್ನು ಹಿಡಿದು ಉರಿಯೂತವನ್ನು ಊಹಿಸಲು ಜಪಾನಿನ ಸಂಶೋಧಕರು ಇಲಿಗಳಲ್ಲಿಯೂ ಬಳಿಕ ರೋಗಿಗಳಲ್ಲಿಯೂ ಪ್ರಯೋಗ ಮಾಡಿದ್ದಾರೆ. ಫಲ ಆಶಾದಾಯಕವಾಗಿದೆ, ಆದರೆ ನಮ್ಮ ಊರಿನ ಆಸ್ಪತ್ರೆಯಲ್ಲಿ ದಿನನಿತ್ಯ ಬಳಸುವಷ್ಟು ಪಕ್ವವಾಗಿಲ್ಲ. ಇದೇ ಇಂದಿನ ಸತ್ಯಸ್ಥಿತಿ. ಹೊರಗಿನಿಂದ ಕೊಬ್ಬನ್ನು ಚೆನ್ನಾಗಿ ಅಳೆಯಬಲ್ಲೆವು. ನಾರನ್ನು ಬಹುಮಟ್ಟಿಗೆ ಅಳೆಯಬಲ್ಲೆವು. ಉರಿಯೂತವನ್ನು ಮಾತ್ರ ಹಲವು ಅಂಕಿಗಳನ್ನು ಕೂಡಿಸಿ ಊಹಿಸಬಲ್ಲೆವು.

"ಅಷ್ಟು ಕಷ್ಟಪಟ್ಟು ಉರಿಯನ್ನೇ ಏಕೆ ಹುಡುಕಬೇಕು?" ಎಂದು ನೀವು ಕೇಳಬಹುದು. ಏಕೆಂದರೆ ಆರಿಸಲು ಎಲ್ಲಕ್ಕಿಂತ ಸುಲಭವಾದದ್ದು ಅದೇ. ಬಲಿತ ನಾರು ಕರಗುವುದಕ್ಕೆ ವರ್ಷಗಳು ಬೇಕು, ಕೆಲವರಲ್ಲಿ ಕರಗುವುದೇ ಇಲ್ಲ. ಉರಿ ಹಾಗಲ್ಲ. ಕುಡಿಯುವವರು ಕುಡಿತ ಬಿಟ್ಟರೆ ವಾರಗಳಲ್ಲಿ ಇಳಿಯತೊಡಗುತ್ತದೆ. ಹೆಪಟೈಟಿಸ್ ಸಿ ಇರುವವರಿಗೆ ಈಗ ಸುಮಾರು ಮೂರು ತಿಂಗಳ ಮಾತ್ರೆಗಳಿಂದ ಬಹುತೇಕ ಗುಣವಾಗುತ್ತದೆ. ಆಗ ಫೈಬ್ರೋಸ್ಕ್ಯಾನಿನ ಅಂಕಿ ಕೆಲವೇ ತಿಂಗಳಲ್ಲಿ ಇಳಿಯುವುದು ಬಹುಪಾಲು ಉರಿ ಆರಿದ್ದರಿಂದ, ನಾರು ಕರಗಿದ್ದರಿಂದಲ್ಲ. ಅದನ್ನು ತಿಳಿಯದೆ, ಅಂಕಿ ಇಳಿಯಿತೆಂದು ವೈದ್ಯರ ಬಳಿ ಹೋಗುವುದನ್ನೇ ಬಿಟ್ಟುಬಿಡುವುದು ತಪ್ಪು. ಕೊಬ್ಬಿನ ಕಾಯಿಲೆಯವರಿಗೆ ಮುಖ್ಯ ಔಷಧಿ ತೂಕ ಇಳಿಸುವುದು. ದೇಹದ ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿದರೆ ಉರಿಯೂತ ತಗ್ಗುತ್ತದೆ. ಹತ್ತಕ್ಕಿಂತ ಹೆಚ್ಚು ಇಳಿಸಿದವರಲ್ಲಿ ನಾರೂ ಹಿಂಜರಿದದ್ದುಂಟು. ಸಿರೋಸಿಸ್ ಇನ್ನೂ ಆಗದೆ, ಉರಿಯೂತದೊಡನೆ ನಾರು ಬೆಳೆದಿರುವವರಿಗಾಗಿ ರೆಸ್ಮೆಟಿರಾಮ್ ಎಂಬ ಮಾತ್ರೆಗೆ ಅಮೆರಿಕದ ಸರ್ಕಾರ 2024ರ ಮಾರ್ಚಿಯಲ್ಲಿ ಒಪ್ಪಿಗೆ ಕೊಟ್ಟಿತು. ಇಂಥ ಔಷಧಿ ಯಾರಿಗೆ ಬೇಕು, ಕೊಟ್ಟಮೇಲೆ ಹಿಡಿಯಿತೇ ಎಂಬುದನ್ನು ಸೂಜಿ ಇಲ್ಲದೆ ತಿಳಿಯುವ ದಾರಿ ಇದ್ದರೆ ಮಾತ್ರ ಲಕ್ಷಾಂತರ ಜನಕ್ಕೆ ಪ್ರಯೋಜನ.

ನನ್ನ ಕಥೆಯನ್ನು ಮುಗಿಸುತ್ತೇನೆ. ನಾನು ಬೈಸಿಕಲ್ಲನ್ನು ಮತ್ತೆ ಹೊರತೆಗೆದೆ. ರಾತ್ರಿಯ ಅನ್ನ ಅರ್ಧವಾಯಿತು. ಕಾಫಿಯ ಸಕ್ಕರೆ ನಿಂತಿತು. ಮದುವೆಮನೆಗಳಲ್ಲಿ ಹೋಳಿಗೆಯನ್ನು ಕಣ್ಣಿನಲ್ಲೇ ತಿಂದು ಎದ್ದುಬರುವುದನ್ನು ಕಲಿತೆ. ಒಂದು ವರ್ಷದಲ್ಲಿ 78 ಕಿಲೋ ಇದ್ದ ತೂಕ 71ಕ್ಕೆ ಬಂತು. ಅದೇ ತಜ್ಞರು, ಅದೇ ಯಂತ್ರದಲ್ಲಿ, ಬರಿಹೊಟ್ಟೆಯಲ್ಲಿ ಅಳೆದಾಗ ಅಂಕಿ 6.3, ಎಎಲ್‌ಟಿ 31. "ಕೆಂಡ ಆರಿತೆ, ಡಾಕ್ಟರೆ?" ಎಂದು ಕೇಳಿದೆ. ಅವರು, "ಆರುತ್ತಿದೆ ಎಂದು ತೋರುತ್ತದೆ. ಪ್ರಮಾಣ ಮಾಡಿ ಹೇಳಲಾರೆ. ಮುಂದಿನ ವರ್ಷವೂ ಬನ್ನಿ" ಎಂದರು. ಆ ಪ್ರಾಮಾಣಿಕವಾದ ಉತ್ತರ ನನಗೆ ಹಿಡಿಸಿತು.

ನೀವು ಮಾಡತಕ್ಕದ್ದು ಇಷ್ಟೆ. ಸಕ್ಕರೆ ಕಾಯಿಲೆ ಇದ್ದವರು, ನಡು ದಪ್ಪವಾದವರು, ಸ್ಕ್ಯಾನಿಂಗಿನಲ್ಲಿ 'ಫ್ಯಾಟಿ ಲಿವರ್' ಎಂದು ಬಂದವರು, ಹೆಪಟೈಟಿಸ್ ಬಿ ಅಥವಾ ಸಿ ಇರುವವರು, ಕುಡಿಯುವ ಅಭ್ಯಾಸದವರು, ನೋವಿಲ್ಲವೆಂದು ಸುಮ್ಮನಿರಬೇಡಿ. ಫಿಬ್-4 ಲೆಕ್ಕ ಹಾಕಿಸಿ. ಅಗತ್ಯವಿದ್ದರೆ ಬಿರುಸನ್ನು ಅಳೆಸಿ. ಅಳೆಸುವ ಮೊದಲು ಮೂರು ಗಂಟೆಯಾದರೂ ಏನನ್ನೂ ತಿನ್ನಬೇಡಿ. ಪ್ರತಿಸಲವೂ ಸಾಧ್ಯವಾದಷ್ಟೂ ಒಂದೇ ಬಗೆಯ ಯಂತ್ರದಲ್ಲಿ ಅಳೆಸಿ, ಚೀಟಿಗಳನ್ನು ಜೋಪಾನವಾಗಿಡಿ. ಅಂಕಿ ಬಂದಾಗ, "ಇದರಲ್ಲಿ ಉರಿಯ ಪಾಲು ಇದ್ದೀತೆ?" ಎಂದು ವೈದ್ಯರನ್ನು ಕೇಳಿ. ಎಲ್ಲ ನೋಡಿದ ಮೇಲೂ ಸಂಶಯ ಉಳಿದು ವೈದ್ಯರು ಸೂಜಿಯೇ ಬೇಕೆಂದರೆ, ನಮ್ಮ ಅಣ್ಣನಂತೆ ಎದ್ದು ಬರಬೇಡಿ.

ಕೊನೆಯದಾಗಿ ಒಂದು ಮಾತು. ಅಣ್ಣನ ಕಾಯಿಲೆಯನ್ನು ಮೊದಲು 'ಕುಡಿತದಿಂದಲ್ಲದ ಕೊಬ್ಬಿನ ಯಕೃತ್ತು' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. 'ಅಲ್ಲ' ಎನ್ನುವುದಕ್ಕಾದರೂ ಕುಡಿತದ ಹೆಸರೆತ್ತಬೇಕಾಗಿತ್ತು. 2023ರಲ್ಲಿ ಜಗತ್ತಿನ ಯಕೃತ್ತಿನ ತಜ್ಞರು ಸೇರಿ, ರೋಗಿಗಳ ಮನಸ್ಸಿಗೆ ನೋವಾಗಬಾರದೆಂದು, ಆ ಹೆಸರನ್ನು ಬಿಟ್ಟು, ದೇಹದ ಚಯಾಪಚಯದ ದೋಷದಿಂದ ಬಂದದ್ದು ಎಂಬ ಅರ್ಥದ ಬೇರೆ ಹೆಸರನ್ನಿಟ್ಟರು. ಇದನ್ನು ನಾನು ಅತ್ತಿಗೆಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೆರಡು ವರ್ಷ ತಡವಾಯಿತು" ಎಂದರು. ಬಳಿಕ ತಮ್ಮ ಮಗನನ್ನು ಕರೆದು, "ನಾಳೆ ಬೆಳಗ್ಗೆ ಏನೂ ತಿನ್ನಬೇಡ, ಚಿಕ್ಕಪ್ಪನ ಜೊತೆ ಹೋಗಿ ತೋರಿಸಿಕೊಂಡು ಬಾ" ಎಂದರು.